ತೋನೆಗೆ ಬಾಗುವವಳು

ತೆಲಾವಿಯ ಸಂತೆಬೀದಿಯಲ್ಲಿ ನಮ್ಮದು ಮೂರು ಗಜದಂಗಡಿ.
ನಾನು ನಾದುವವಳು. ಲಮಾರಾ ಬಾಗುವವಳು.
ಬಾವಿಯಂಥ ಮಣ್ಣೊಲೆ, ಹೆಸರು ತೋನೆ;
ದೋಣಿಯಂಥ ಹಿಟ್ಟನ್ನು ಅಂಗೈಯಲ್ಲಿ ಹೊತ್ತು
ಸೊಂಟದವರೆಗೂ ಒಳಗಿಳಿದು
ಕಾದ ಗೋಡೆಗೆ ಬಡಿದು ಮೇಲೇಳಬೇಕು,
ಕಟ್ಟಿದ ಉಸಿರು ಬಿಡುವುದರೊಳಗೆ.
ಇಪ್ಪತ್ತೆರಡು ವರ್ಷ.
ಅವಳ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಿತ.

ಆ ವರ್ಷ ದ್ರಾಕ್ಷಿ ಕೊಯ್ಯುವ ಹೊತ್ತಿಗೆ
ರೊಟ್ಟಿಗಳು ಗೋಡೆಯಲ್ಲಿ ಮೇಲಮೇಲಕ್ಕೆ ಅಂಟತೊಡಗಿದವು.
ನೋಡಿದೆ. ಸುಮ್ಮನಿದ್ದೆ.
ಐವತ್ತಾರಕ್ಕೆ ಯಾರ ಸೊಂಟ ತಾನೇ ಬಾಗೀತು?

ಏಪ್ರನ್ನಿನ ದಾರ ಎರಡು ಸುತ್ತು ಬರುತ್ತಿದ್ದುದು
ಒಂದೇ ಸುತ್ತಿಗೆ ಬಂತು. ಆಮೇಲೆ ನನ್ನದನ್ನು ಕೇಳಿದಳು.
ಕೆನ್ನೆ ಬತ್ತುತ್ತಿತ್ತು, ಹೊಟ್ಟೆ ತುಂಬುತ್ತಿತ್ತು,
ಒಂದೇ ಮೈಯಲ್ಲಿ ಎರಡು ಲೆಕ್ಕ.
ಹನ್ನೆರಡು ಮಾಂಸದ ಕಡಬು ತಿಂದು
ತಟ್ಟೆಯಂಚಿಗೆ ತೊಟ್ಟು ಜೋಡಿಸಿ ಮೆರೆಯುತ್ತಿದ್ದವಳು
ಎರಡಕ್ಕೇ ತಟ್ಟೆ ಸರಿಸಿದಳು.
ಹಿಟ್ಟು ಉಬ್ಬುವುದರೊಳಗೆ ಮೂರು ಸಲ ಹಿತ್ತಲಿಗೆ.
“ಹೋಗಿ ಬಂದರೂ ಹೋದಂತಿಲ್ಲ ಕಣೇ.”

ವಾಯು, ಎಂದ ಔಷಧಿ ಅಂಗಡಿಯವ.
ವಯಸ್ಸು, ಎಂದಳು ಓರಗಿತ್ತಿ.
ಎರಡೂ ಪೂರ್ತಿ ಸುಳ್ಳಲ್ಲ, ತೊಂದರೆ ಅದೇ.
ನೋವಾದರೂ ಒಮ್ಮೆ ಕಿರುಚಬಾರದಿತ್ತೆ?
ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದಂತೆ, ಅಷ್ಟೇ, ಎನ್ನುತ್ತಿದ್ದಳು.

ಹಿಟ್ಟಿನ ಚೀಲದ ಮೇಲೆ ಇದ್ದಿಲಿನಿಂದ
ನಾನೇ ಗೀಟೆಳೆಯತೊಡಗಿದೆ, ಹೊಟ್ಟೆ ಬಿಗಿದ ದಿನಕ್ಕೊಂದು.
ಯಾವಾಗಲೋ ಒಮ್ಮೆ ಬಂದು ಹೋಗುವುದು ಬೇರೆ,
ಬಂದು ಕೂತದ್ದು ಬೇರೆ.
ತಿಂಗಳಿಗೆ ಇಪ್ಪತ್ತಾರು ಗೀಟು.
ಚೀಲ ಹರಿದು, ಮಡಿಸಿ, ಅವಳ ಕೈ ಹಿಡಿದು ಎಳೆದುಕೊಂಡು ಹೋದೆ.
ಆ ಚಿಕ್ಕ ವಯಸ್ಸಿನ ಡಾಕ್ಟರು ಚೀಲವನ್ನೇ ಓದಿದಳು.
ರಕ್ತ ಬರೆದಳು, ಸ್ಕ್ಯಾನ್ ಬರೆದಳು,
ನಗುವುದನ್ನು ನಿಲ್ಲಿಸಿದಳು.

ತ್ಬಿಲಿಸಿಯಲ್ಲಿ ಸರ್ಜನ್ ಖಾತುನಾ
ಕಾಗದದ ಮೇಲೊಂದು ಹೊಟ್ಟೆ ಬರೆದರು:
“ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸುವುದೂ ಉಂಟು,
ಗಡ್ಡೆ ಅಂಡಾಶಯದ ಒಳಗೇ ಇದ್ದರೆ, ಕೆಲವರಿಗೆ.
ನಿಮ್ಮದು ಹೊಸಿಲು ದಾಟಿದೆ.
ಕೆಲವರಿಗೆ ಮೊದಲು ಔಷಧಿ ಹನಿಸಿ ಕುಗ್ಗಿಸುತ್ತೇವೆ,
ನಿಮಗೆ ಮೊದಲೇ ಕತ್ತರಿ.
ಎದೆಗೂಡಿನ ಕೆಳಗಿಂದ, ಹೊಕ್ಕುಳನ್ನು ಬಳಸಿ, ಕೆಳಗಿನ ತನಕ ಒಂದೇ ಗೀರು.
ಅಂಡಾಶಯ ಎರಡೂ, ನಾಳಗಳು, ಗರ್ಭಕೋಶ,
ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪರದೆ.
ನಾವದನ್ನು ಏಪ್ರನ್ ಅನ್ನುತ್ತೇವೆ.”
ಲಮಾರಾ ನಕ್ಕೇಬಿಟ್ಟಳು:
“ಅದರ ದಾರ ಸಾಲದೆಂದೇ ಬಂದೆ, ತಾಯಿ.”

“ಕಣ್ಣಿಗೆ ಕಾಣುವ ಒಂದು ಕಾಳೂ ಉಳಿಯಬಾರದು,
ಗುರಿ ಅದು. ಮಾತು ಕೊಡಲಾರೆ.”

ಆರು ಗಂಟೆ. ಕಾರಿಡಾರಿನ ಬೆಂಚಿನ ಮೇಲೆ
ನನ್ನ ಕೈಗಳು ಏನೂ ಇಲ್ಲದ್ದನ್ನು ನಾದುತ್ತಿದ್ದವು.
ಬೆಳಿಗ್ಗೆ ತೋನೆಯ ಗೋಡೆ ಕೆರೆಯುತ್ತೇವಲ್ಲ,
ಸೀದ ಚೂರೊಂದು ಉಳಿದರೂ ಮುಂದಿನ ರೊಟ್ಟಿ ಕಹಿ.
ಅದನ್ನೇ ಯೋಚಿಸುತ್ತಿದ್ದೆ, ಬೇಡವೆಂದರೂ.

ಖಾತುನಾ ಟೋಪಿ ಕಳಚುತ್ತ ಬಂದರು.
“ಕಾಣುವುದನ್ನೆಲ್ಲ ತೆಗೆದಿದ್ದೇವೆ.”
ಕಾಣದ್ದರ ಬಗ್ಗೆ ನಾನು ಕೇಳಲಿಲ್ಲ.
ಅದಕ್ಕೇ ಇರಬೇಕು ಆಮೇಲಿನ ಆರು ಸುತ್ತು ಹನಿ,
ವಾಂತಿಯ ಬಕೆಟ್ಟು,
ಬಾಚಣಿಗೆಯಲ್ಲಿ ಉಳಿದ ಇಡೀ ಕೂದಲು.

ಈಗ ಬಾಗುವವಳು ನಾನು.
ಅವಳು ಸ್ಟೂಲಿನ ಮೇಲೆ, ತಲೆಗೆ ಹಸಿರು ವಸ್ತ್ರ ಕಟ್ಟಿ,
“ಕೆಳಗೆ! ಇನ್ನೂ ಕೆಳಗೆ!” ಎಂದು ಕೂಗುತ್ತಾಳೆ.
ನನ್ನ ರೊಟ್ಟಿ ಮೇಲೇ ಅಂಟಿದರೆ ತಟ್ಟನೆ ಎದ್ದು ಬಂದು
“ಹೊಟ್ಟೆ ಹೇಗಿದೆ?”
“ಹೊಟ್ಟೆ ಅಲ್ಲ ಮಾರಾಯ್ತಿ, ಹೆದರಿಕೆ.”
ನಂಬುವುದಿಲ್ಲ. ನನ್ನ ಹೆಸರಿಗೊಂದು ಚೀಲ ತೂಗುಹಾಕಿದ್ದಾಳೆ,
ದಾರಕ್ಕೆ ಕಟ್ಟಿದ ಇದ್ದಿಲ ತುಂಡು ಪಕ್ಕದಲ್ಲೇ.

ನಿನ್ನೆ ಕಡಬು ಬೇಯಿಸಿದ್ದೆ.
ತಟ್ಟೆಯಂಚಿನಲ್ಲಿ ಐದು ತೊಟ್ಟು.
ಎಣಿಸಿದೆಯಾ ಎಂದಳು.
ಇಲ್ಲವಲ್ಲ, ಎಂದೆ.